ಅದೇ ಕುಣಿ, ಹೊಸಾ ಸಸಿ

ವಿಜಯಪುರದ ವನಮಹೋತ್ಸವದ ಫೋಟೋ ನೋಡೇ ಇರ್ತೀರಿ. ಒಂದು ನೇರಲ ಸಸಿ, ಹನ್ನೊಂದು ಕೈ. ಸಸಿ ಅಷ್ಟು ಭಾರವೇ ಅಂದರೆ ಹೌದು, ಕರೀ ಪ್ಲಾಸ್ಟಿಕ್ ಚೀಲದ ಸಮೇತ ಕುಣಿಗೆ ಇಳಿಸಿದ್ದಾರಲ್ಲ!

ಚೀಲದ ತಳ ಮುಟ್ಟಿದ ತಾಯಿಬೇರು ಅಲ್ಲೇ ಸುರುಳಿ ಸುತ್ತಿರುತ್ತದೆ. ಬ್ಲೇಡಿನಿಂದ ಚೀಲ ಉದ್ದಕ್ಕೆ ಸೀಳಿ, ಮಣ್ಣಿನ ಗಡ್ಡೆ ಒಡೆಯದಂತೆ ಬಿಡಿಸಿ, ಸುತ್ತಿದ ಬೇರಿನ ತುದಿ ಕತ್ತರಿಸಿ ನೆಡಬೇಕು. ಕುಣಿ ಮೂರು ಫೂಟು ಉದ್ದ, ಅಗಲ, ಆಳ. ಬ್ಯಾಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ ಎರಡು ಬುಟ್ಟಿ ತಿಪ್ಪೆಗೊಬ್ಬರ ಕಲಸಿ ತುಂಬಬೇಕು. ಫೋಟೋದ ಕುಣಿ ಜೇಸಿಬಿ ಒಮ್ಮೆ ಕಚ್ಚಿದಷ್ಟು. ನಮ್ಮದು ಎರೆ ಭೂಮಿ, ಕಪ್ಪು ಮಣ್ಣು. ಮಳೆಯಾದರೆ ಅದರಲ್ಲಿ ಬಟ್ಟಲಿನ ಹಾಗೆ ನೀರು ನಿಂತು ಬೇರು ಕೊಳೆಯುತ್ತದೆ, ಆಗದಿದ್ದರೆ ನೆಲ ಕೈ ಹೋಗುವಷ್ಟು ಬಿರಿದು ಎಳೆಬೇರು ಹರಿಯುತ್ತದೆ. ಸಸಿ ಹೋದರೂ ಕುಣಿ ಮುಂದಿನ ವರ್ಷಕ್ಕೆ ಉಳಿಯಿತು. ಈ ಉಳಿತಾಯಕ್ಕೊಂದು ಶಾಲು ಹೊದಿಸ್ರಿ.

ವನಮಹೋತ್ಸವ ಜುಲೈ ಮೊದಲ ವಾರವೇ ಯಾಕಂತ ಕೇಳಬ್ಯಾಡ್ರಿ. ಕೆ.ಎಂ. ಮುನ್ಷಿ ಕೇಂದ್ರ ಮಂತ್ರಿಯಾಗಿದ್ದಾಗ, 1950ರಲ್ಲಿ, ಜುಲೈನಲ್ಲೇ ಶುರುವಾದದ್ದು. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರಿಗೆ. ಅಲ್ಲಿಯತನಕ ಟ್ಯಾಂಕರ್ ಬರಬೇಕು. ಬರುತ್ತದೆ, ಡಿವೈಡರಿನ ಕಣಗಿಲೆ ಗಿಡಕ್ಕೆ.

ಅತ್ತ ಬಸ್‌ಸ್ಟ್ಯಾಂಡ್ ಮುಂದೆ ಅಜ್ಜಿ ನೇರಲ ಹಣ್ಣಿಗೆ ಉಪ್ಪು ಉದುರಿಸಿ ಕೊಡುತ್ತಾಳೆ. ತಿಂದವರ ನಾಲಿಗೆ ನೀಲಿ, ಬೀಜ ಗಟಾರಕ್ಕೆ. ಹತ್ತು-ಹದಿನೈದು ದಿನಕ್ಕೆ ಮೊಳಕೆ, ಒಂದೊಂದು ಬೀಜಕ್ಕೆ ಎರಡು-ಮೂರು ಸಸಿ! ಈ ಜೀವ ಹಸಿ ಬೀಜಕ್ಕಷ್ಟೇ. ಒಣಗಿಸಿ ಡಬ್ಬಿಯಲ್ಲಿಟ್ಟು ಟೆಂಡರ್ ಕರೆಯುವಷ್ಟರಲ್ಲಿ ಸತ್ತಿರುತ್ತದೆ. ಗಟಾರದ ಸಸಿಗೆ ಉದ್ಘಾಟಕರಿಲ್ಲ, ಸ್ವಾಗತ ಭಾಷಣವಿಲ್ಲ, ಪಾಪ, ಚೆನ್ನಾಗಿ ಬೆಳೆಯುತ್ತದೆ. ಸ್ವಚ್ಛತಾ ಅಭಿಯಾನ ಬರೋತನಕ.

ರಸ್ತೆ ಅಗಲ ಮಾಡಲು ಕಡಿದದ್ದು ಎರಡು ತೆಕ್ಕೆಯ ಮರಗಳನ್ನು. ಒಂದಕ್ಕೆ ಹತ್ತು ನೆಡ್ತೀವಿ ಅಂದರು. ಒಂದೇ ಕುಣಿಗೆ ಹತ್ತು ವರ್ಷ ನೆಟ್ಟರೂ ಲೆಕ್ಕ ಸರಿ. ಬೀಜದ ಸಸಿ ಹಣ್ಣು ಬಿಡಲು ಎಂಟು-ಹತ್ತು ವರ್ಷ ಬೇಕು. ಆ ನೆರಳಿಗೆ ಇನ್ನೊಂದು ತಲೆಮಾರು. ಸಸಿ ಉಳಿಯಲು ಬೇಕಿದ್ದದ್ದು ಎರಡು ಬ್ಯಾಸಿಗೆ, ವಾರಕ್ಕೆ ಎರಡು ಕೊಡ ನೀರು. ಅಷ್ಟೂ ಆಗದಿದ್ದರೆ ನೆಡಬ್ಯಾಡ್ರಿ ಸಾಹೇಬ್ರ, ಕೈ ಮುಗೀತೀವಿ, ಆ ಸಸಿ ನರ್ಸರಿಯಲ್ಲಾದರೂ ಬದುಕಲಿ.

ಕುಣಿಯ ಸುತ್ತಲಿನ ಕಬ್ಬಿಣದ ಗಾರ್ಡು ಮಾತ್ರ ಗಟ್ಟಿಮುಟ್ಟಾಗಿದೆ. ಅದರ ಮೇಲಿನ ಹೆಸರುಗಳಿಗೆ ಈ ಸಲವೂ ಬಣ್ಣ ಹಚ್ಚಿದ್ದಾರೆ.