ಒಳಗೊಬ್ಬಳು, ಹೊರಗೊಬ್ಬಳು

ಪ್ರಣಯ ಕಾದಂಬರಿಯ ನಾಯಕಿಯ ಕೂದಲು ಯಾವ ಬಣ್ಣದ್ದು ಎಂದು ತಿಳಿಯಬೇಕಾದರೆ ಮುಖಪುಟವೊಂದನ್ನು ಬಿಟ್ಟು ಬೇರೆ ಎಲ್ಲಿ ಬೇಕಾದರೂ ಹುಡುಕಬಹುದು. ಮೊದಲ ಅಧ್ಯಾಯದಲ್ಲಿ ಕನ್ನಡಿಯ ಮುಂದೆ ನಿಂತು ಅವಳೇ ಹೇಳಿಬಿಡುತ್ತಾಳೆ: ಎಷ್ಟು ಬಾಚಿದರೂ ಮಾತು ಕೇಳದ ಕಪ್ಪು ಗುಂಗುರು ಕೂದಲು, ಅದೇ ಅಮ್ಮನ ಚಿಂತೆ. ಎರಡನೆಯದರಲ್ಲಿ ನಾಯಕ ಅದನ್ನು ನೋಡಿ ಬೆರಗಾಗುತ್ತಾನೆ. ಹತ್ತನೆಯದರಲ್ಲಿ ಆ ಗುಂಗುರಿನಲ್ಲಿ ಅವನ ಬೆರಳು ಸಿಕ್ಕಿಕೊಳ್ಳುತ್ತದೆ. ಪುಸ್ತಕ ಮುಚ್ಚಿ ನೋಡಿದರೆ, ಹೊಂಬಣ್ಣದ ನೀಳ ಕೂದಲನ್ನು ರೇಷ್ಮೆಯಂತೆ ಇಳಿಬಿಟ್ಟುಕೊಂಡ ಬೇರೆ ಯಾರೋ ಹೆಂಗಸು. ಅವಳನ್ನು ಅಪ್ಪಿಕೊಂಡಿರುವವನೂ ನಮ್ಮವನಲ್ಲ. ನಮ್ಮವನು ನಲವತ್ತರ ಹತ್ತಿರದವನು, ಕೆನ್ನೆಯ ಮೇಲೆ ಕತ್ತಿಯ ಗಾಯದ ಗುರುತು, ಮಾತು ಕಡಿಮೆ. ಇವನಿಗೆ ಹೆಚ್ಚೆಂದರೆ ಇಪ್ಪತ್ತೆರಡು. ಗಾಯ ಹಾಗಿರಲಿ, ಜನ್ಮದಲ್ಲಿ ಒಂದು ಮೊಡವೆ ಎದ್ದ ಮುಖವೂ ಅಲ್ಲ.

ಇದನ್ನು ಕಂಡೂ ಕಾಣದವರ ಹಾಗೆ ಓದಿಕೊಂಡು ಹೋಗುವ ಪುಣ್ಯವಂತರಿದ್ದಾರೆ. ನನ್ನಿಂದ ಆಗುವುದಿಲ್ಲ. ಓದುತ್ತಿರುವ ಪುಟದಲ್ಲಿ ಬೆರಳಿಟ್ಟು, ಪುಸ್ತಕ ಮುಚ್ಚಿ, ಗೇಟಿನ ಕಾವಲುಗಾರ ಗುರುತಿನ ಚೀಟಿಯನ್ನೂ ಬಂದವನ ಮುಖವನ್ನೂ ಹೋಲಿಸುವಂತೆ ಹೋಲಿಸುತ್ತೇನೆ. ಕಣ್ಣು ಹಸಿರು ಎಂದಿದ್ದಾರೆ, ಇಲ್ಲಿ ನೀಲಿ. ಕುಳ್ಳಿ ಎಂದಿದ್ದಾರೆ, ಇಲ್ಲಿ ಅವನ ಕಿವಿಯವರೆಗೆ ಬರುತ್ತಾಳೆ. ಇನ್ನು ನಾಲ್ಕು ಪುಟ ಓದುವುದು, ಮತ್ತೆ ಮುಚ್ಚುವುದು. ಕತೆ ಮುಗಿಯುವ ಹೊತ್ತಿಗೆ ಲೇಖಕಿಯ ಮೇಲೆ ಬರಬೇಕಾದ ಸಿಟ್ಟೆಲ್ಲ ಮುಖಪುಟದ ಆ ಜೋಡಿಯ ಮೇಲೆ ಖರ್ಚಾಗಿರುತ್ತದೆ. ತಮಾಷೆಯೆಂದರೆ, ಅಕ್ಷರದೊಳಗಿನವಳನ್ನು ನಾನು ಕಣ್ಣಿಂದ ಕಂಡವನೇ ಅಲ್ಲ. ಚಿತ್ರದವಳು ಎದುರಿಗೇ ಇದ್ದಾಳೆ. ಆದರೂ ಇಬ್ಬರಲ್ಲಿ ಸುಳ್ಳಿ ಯಾರು ಎಂದರೆ ಬೆರಳು ಹೋಗುವುದು ಚಿತ್ರದವಳ ಕಡೆಗೇ.

ಕಲಾವಿದ ಪುಸ್ತಕ ಓದಬಾರದಿತ್ತೇ ಎಂದು ಬೈಯುವುದು ಸುಲಭ. ಎಷ್ಟೋ ಸಲ ಓದುವುದಕ್ಕೆ ಪುಸ್ತಕವೇ ಇರುವುದಿಲ್ಲ. ಮುಂದೆ ಬರುವ ಪುಸ್ತಕಗಳ ಪಟ್ಟಿಯನ್ನು ಅಂಗಡಿಯವರಿಗೆ ತೋರಿಸಬೇಕು, ಆ ಪಟ್ಟಿಗೆ ಚಿತ್ರ ಬೇಕು. ಹಾಗಾಗಿ ಮುಖಪುಟದ ಕೆಲಸ ತಿಂಗಳುಗಟ್ಟಲೆ ಮೊದಲೇ ಶುರುವಾಗುತ್ತದೆ. ಆ ಹೊತ್ತಿಗೆ ಲೇಖಕಿ ಏಳನೆಯ ಅಧ್ಯಾಯದಲ್ಲಿ ಹೂತು ಕೂತಿರುತ್ತಾಳೆ. ಅವಳಿಗೊಂದು ನಮೂನೆ ಬರುತ್ತದೆ, ತುಂಬಿಸಿ ಕಳಿಸಿ ಎಂದು. 1949ರಲ್ಲಿ ಕೆನಡಾದಲ್ಲಿ ಹುಟ್ಟಿ, 1971ರಲ್ಲಿ ಲಂಡನ್ನಿನ ಮಿಲ್ಸ್ ಅಂಡ್ ಬೂನ್ ಅನ್ನೇ ಕೊಂಡುಕೊಂಡ ಹಾರ್ಲೆಕ್ವಿನ್ ಎಂಬ ಪ್ರಣಯ ಕಾದಂಬರಿಗಳ ಪ್ರಕಾಶನ ಸಂಸ್ಥೆಯಲ್ಲಿ ಅದಕ್ಕೆ ‘ಆರ್ಟ್ ಫ್ಯಾಕ್ಟ್ ಶೀಟ್’ ಎನ್ನುತ್ತಾರೆ. ಕೂದಲು, ಕಣ್ಣು, ವಯಸ್ಸು, ಎತ್ತರ, ಊರು, ಋತು, ಚಿತ್ರಕ್ಕೆ ಒದಗುವ ಒಂದೆರಡು ಸನ್ನಿವೇಶ. ಹಳೆಯ ಕವಿಗಳ ಅಷ್ಟಾದಶ ವರ್ಣನೆಗಿಂತ ಸ್ವಲ್ಪ ಕಡಿಮೆ, ಅಷ್ಟೆ. ಲೇಖಕಿ ಶ್ರದ್ಧೆಯಿಂದ ತುಂಬುತ್ತಾಳೆ. ನಮೂನೆ ಕಲಾ ನಿರ್ದೇಶಕರ ಮೇಜಿಗೆ ಹೋಗುತ್ತದೆ, ಅಲ್ಲಿಂದ ಸ್ಟುಡಿಯೊಗೆ. ಮಾಡೆಲ್‌ಗಳನ್ನು ನಿಲ್ಲಿಸಿ ಫೋಟೊ ತೆಗೆದು, ಅದನ್ನು ನೋಡಿ ಬಣ್ಣದಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಕಲಾವಿದ ತನ್ನ ಪಾಲಿಗೆ ಒಂದಿಷ್ಟು ಬಿರುಗಾಳಿಯನ್ನೂ ಸೂರ್ಯಾಸ್ತವನ್ನೂ ಸೇರಿಸುತ್ತಿದ್ದ. ಕೊನೆಗೆ ಮಾರಾಟದವರು ಬಂದು, ಹಸಿರು ಗೌನು ಓಡುವುದಿಲ್ಲ, ಕೆಂಪು ಮಾಡಿ ಎನ್ನುತ್ತಾರೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಕೊನೆಯ ಮಾತು ಸಾಮಾನ್ಯವಾಗಿ ಪ್ರಕಾಶಕರದು. ಲೇಖಕಿಯನ್ನು ಕೇಳಿದರೂ ಅದು ಮರ್ಯಾದೆಗೆ.

ಅಲ್ಲದೆ ಆ ಚಿತ್ರ ಯಾರಿಗೋಸ್ಕರ ಎನ್ನುವುದೂ ಒಂದು ಪ್ರಶ್ನೆ. 1972ರಲ್ಲಿ ಅಮೆರಿಕದ ಏವನ್ ಪ್ರಕಾಶನ ಕ್ಯಾಥ್ಲೀನ್ ವುಡಿವಿಸ್ ಅವರ ‘ದಿ ಫ್ಲೇಮ್ ಅಂಡ್ ದಿ ಫ್ಲವರ್’ ಕಾದಂಬರಿಯನ್ನು ನೇರವಾಗಿ ಪೇಪರ್‌ಬ್ಯಾಕಿನಲ್ಲಿ ತಂದು ಗೆದ್ದ ಮೇಲೆ, ಐತಿಹಾಸಿಕ ಪ್ರಣಯದ ದಪ್ಪ ದಪ್ಪ ಪುಸ್ತಕಗಳ ಪ್ರವಾಹವೇ ಹರಿಯಿತು. ಅವು ಮಾರಾಟವಾಗುತ್ತಿದ್ದುದು ಪುಸ್ತಕದಂಗಡಿಯಲ್ಲಿ ಮಾತ್ರವಲ್ಲ. ಔಷಧದ ಅಂಗಡಿ, ಸೂಪರ್‌ಮಾರ್ಕೆಟ್ಟುಗಳ ತಂತಿಯ ಸ್ಟ್ಯಾಂಡುಗಳಲ್ಲಿ, ವಾರಪತ್ರಿಕೆಗಳ ಜೊತೆ. ಯಾವುದನ್ನು ಕಣ್ಣಿಗೆ ಬೀಳುವಲ್ಲಿ ಇಡಬೇಕು ಎಂದು ತೀರ್ಮಾನಿಸುತ್ತಿದ್ದವರು ಸಗಟು ವಿತರಕರು, ಲಾರಿಯಲ್ಲಿ ತಂದು ಜೋಡಿಸುವವರು, ಬಹುಮಟ್ಟಿಗೆ ಗಂಡಸರು. ಎದೆಯ ಮೇಲಿನ ಲಾಡಿ ಸಡಿಲಿಸಿಕೊಂಡು ಹಿಂದಕ್ಕೆ ಬಾಗಿದ ಆ ಹೆಂಗಸರೆಲ್ಲ ಹುಟ್ಟಿಕೊಂಡದ್ದು ಇವರನ್ನು ನಿಲ್ಲಿಸಿ ನೋಡಿಸುವುದಕ್ಕೆ ಎಂಬ ಮಾತು ಆ ವ್ಯಾಪಾರದಲ್ಲಿ ಹಳೆಯದು. ಪೂರ್ತಿ ನಿಜವೋ ಅರ್ಧ ನಿಜವೋ, ಕೇಳಿದಾಗಿನಿಂದ ನನಗೆ ಕೊಂಚ ಸಮಾಧಾನ. ಬರೆದವಳು ಹೆಂಗಸು, ಓದುವವಳು ಹೆಚ್ಚಾಗಿ ಹೆಂಗಸು, ಚಿತ್ರ ಮಾತ್ರ ನಡುವೆ ಪೆಟ್ಟಿಗೆ ಹೊರುವವನಿಗೆ. ವಿಳಾಸವೇ ಬೇರೆಯಾದ ಕಾಗದ ನನ್ನ ಕೈಗೆ ಬಂದಿದೆ. ಒಳಗೆ ನನ್ನ ಸಮಾಚಾರ ಇಲ್ಲವೆಂದು ಜಗಳ ತೆಗೆದರೆ ಹೇಗೆ?

ಆಮೇಲೆ ಬಂದವನು ಫೇಬಿಯೊ. ಮಿಲಾನಿನಲ್ಲಿ ಹುಟ್ಟಿದ ಈ ಮಾಡೆಲ್ 1987ರ ಜೊಹಾನಾ ಲಿಂಡ್ಸೆಯ ‘ಹಾರ್ಟ್ಸ್ ಅಫ್ಲೇಮ್’ ಮುಖಪುಟದಲ್ಲಿ ಕಾಣಿಸಿಕೊಂಡವನು, ಮುಂದೆ ನೂರಾರು ಮುಖಪುಟಗಳಲ್ಲಿ ಹರಡಿಕೊಂಡ. ಎಷ್ಟು ಲೇಖಕಿಯರು ಎಷ್ಟು ರಾತ್ರಿ ನಿದ್ದೆಗೆಟ್ಟು ತಮ್ಮ ತಮ್ಮ ನಾಯಕನಿಗೆ ಬೇರೆ ಬೇರೆ ಮೂಗು, ಬೇರೆ ಬೇರೆ ಹಟ, ಬೇರೆ ಬೇರೆ ಕ್ಷೌರ ಕೊಟ್ಟಿದ್ದರೋ! ಎಲ್ಲರ ಬಾಗಿಲಿಗೂ ಅದೇ ಆಸಾಮಿ, ಅದೇ ಭುಜಕ್ಕಿಳಿದ ಕೂದಲು, ಅದೇ ಎದೆ. ಶತಮಾನ ಬದಲಾಯಿಸಿ ನೋಡಿದರು, ದೇಶ ಬದಲಾಯಿಸಿ ನೋಡಿದರು, ಬಿಡಲಿಲ್ಲ.

ಎದೆಯ ಮಾತು ಬಂತಲ್ಲ, ಬಟ್ಟೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ನನಗೆ ಬಲು ಇಷ್ಟದ ವಿಚಾರ. ಪ್ರಣಯ ಕಾದಂಬರಿಕಾರರಿಗೆ ಅಚ್ಚುಮೆಚ್ಚಿನ ಕಾಲ ಇಂಗ್ಲೆಂಡಿನ ರೀಜೆನ್ಸಿ, ಸರಿಯಾಗಿ ಲೆಕ್ಕ ಹಾಕಿದರೆ 1811ರಿಂದ 1820. ಆಗಿನ ಹೆಂಗಸರ ಗೌನಿನ ನಡು ಇರುತ್ತಿದ್ದುದು ಎದೆಯ ಕೆಳಗೇ, ಅಲ್ಲಿಂದ ಬಟ್ಟೆ ನೇರವಾಗಿ ಪಾದದವರೆಗೆ ಇಳಿಯುತ್ತಿತ್ತು. ನಡುವನ್ನು ತೋರಿಸದ ಈ ಉಡುಪು ಮುಖಪುಟದವರಿಗೆ ಹಿಡಿಸುವುದಿಲ್ಲ. ಆದ್ದರಿಂದ 1815ರ ನಾಯಕಿ ಐವತ್ತು ವರ್ಷ ಮುಂದಕ್ಕೆ ಹಾರಿ, ಬಿಗಿದ ನಡುವಿಗೆ ಗುಡಾರದಷ್ಟು ಲಂಗ ಕಟ್ಟಿಕೊಂಡು ನಿಂತಿರುತ್ತಾಳೆ. ಫೋಟೊದ ಮುಖಪುಟಗಳು ಬಂದ ಮೇಲೆ ಬೆನ್ನ ಮೇಲೆ ಝಿಪ್ ಇರುವವರೂ ಸಿಗುತ್ತಾರೆ. ಝಿಪ್ ಬಟ್ಟೆಗೆ ಬಂದದ್ದು 20ನೇ ಶತಮಾನದಲ್ಲಿ. ಗಂಡಸಿನ ಪಾಡು ಇನ್ನೂ ಸ್ವಾರಸ್ಯ. ಆ ಕಾಲದ ಅಂಗಿಯನ್ನು ತಲೆಯ ಮೇಲಿಂದ ತೊಡಬೇಕಿತ್ತು, ಸೀಳು ಇರುತ್ತಿದ್ದುದು ಎದೆಯ ಮಧ್ಯದವರೆಗೆ ಮಾತ್ರ. ಹೊಕ್ಕುಳದವರೆಗೂ ಗುಂಡಿ ಬಿಚ್ಚಿ ನಿಂತಿರುವ ಡ್ಯೂಕನ ಅಂಗಿಯನ್ನು ಹೊಲಿಯುವ ದರ್ಜಿ ಆಗಿನ್ನೂ ಹುಟ್ಟಿರಲಿಲ್ಲ. ಒಳಗಿನ ಕತೆಯಲ್ಲಿ ಅದೇ ಡ್ಯೂಕ ಕೊರಳಿಗೆ ಸುತ್ತುವ ಕ್ರವಾಟ್ ಪಟ್ಟಿ ಸರಿಯಾಗಿ ಕೂರಲಿಲ್ಲವೆಂದು ಸೇವಕನನ್ನು ಗದರಿಸುತ್ತಿರುತ್ತಾನೆ!

ಸ್ಕಾಟ್ಲೆಂಡಿನ ಬೆಟ್ಟದ ವೀರನದು ಇನ್ನೊಂದು ಕತೆ. 14ನೇ ಶತಮಾನದಲ್ಲಿ ಕತ್ತಿ ಬೀಸುವ ಅವನಿಗೆ ಮುಖಪುಟದಲ್ಲಿ ತನ್ನ ಕುಲದ ಚೌಕುಳಿಯ ಕಿಲ್ಟು. ಉದ್ದನೆಯ ಕಂಬಳಿಯನ್ನು ಸೊಂಟಕ್ಕೆ ಬಿಗಿದುಡುವ ಉಡುಪು ಕಾಣಿಸಿಕೊಂಡದ್ದೇ 16ನೇ ಶತಮಾನದ ಕೊನೆಗೆ. ಕುಲಕ್ಕೊಂದು ಚೌಕುಳಿ ಎಂಬ ಏರ್ಪಾಡು ಗಟ್ಟಿಯಾದದ್ದು 19ನೇ ಶತಮಾನದಲ್ಲಿ. ಅದೂ ಹೋಗಲಿ, ಸುತ್ತ ಹಿಮ ಬಿದ್ದಿದೆ, ಇವನ ಮೈಮೇಲೆ ಅಂಗಿಯಿಲ್ಲ. ಶೀತ ಆಗುವುದಿಲ್ಲವೇ ಎಂದು ಕೇಳುವವರು ಆ ಬೆಟ್ಟದಲ್ಲಿ ಯಾರೂ ಇಲ್ಲ.

ಇವೆಲ್ಲ ನಕ್ಕು ಬಿಡುವ ತಪ್ಪುಗಳು. ನಗುವುದಕ್ಕೇ ಹುಟ್ಟಿದ್ದೂ ಒಂದಿದೆ: 1993ರಲ್ಲಿ ಬಂದ ಕ್ರಿಸ್ಟಿನಾ ಡಾಡ್ ಅವರ ‘ಕ್ಯಾಸಲ್ಸ್ ಇನ್ ದಿ ಏರ್’ ಮುಖಪುಟದಲ್ಲಿ ನಾಯಕಿಗೆ ಮೂರು ಕೈ. ಎಣಿಸಿ ನೋಡಬಹುದು. ಇಷ್ಟು ಜನ ನೋಡಿ, ಒಪ್ಪಿ, ಅಚ್ಚಿಗೆ ಕಳಿಸಿದ ಚಿತ್ರದಲ್ಲಿ ಒಂದು ಕೈ ಜಾಸ್ತಿಯಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಎಲ್ಲರ ಕಣ್ಣು ಎಲ್ಲಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಲೇಖಕಿ ತಾವೇ ಅದನ್ನು ಹೇಳಿಕೊಂಡು ನಗುತ್ತಾರೆ. ನನ್ನ ಮಟ್ಟಿಗೆ ಇದು ಈ ಇಡೀ ವ್ಯವಹಾರದಲ್ಲಿ ಅತ್ಯಂತ ನಿಷ್ಕಪಟವಾದ ತಪ್ಪು, ಏಕೆಂದರೆ ಇದರಿಂದ ಯಾರಿಗೂ ಲಾಭವಿಲ್ಲ.

ಉಳಿದ ತಪ್ಪುಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಅವಸರದಲ್ಲಿ ಆಗುವ ತಪ್ಪು ಅತ್ತಲೂ ಆಗಬೇಕು, ಇತ್ತಲೂ ಆಗಬೇಕು. ಇಲ್ಲಿ ಹಾಗಿಲ್ಲ. ಒಳಗೆ ದಪ್ಪಗಿರುವವಳು ಹೊರಗೆ ತೆಳ್ಳಗಾಗುತ್ತಾಳೆ. ಒಳಗೆ ತೆಳ್ಳಗಿರುವವಳನ್ನು ಯಾರೂ ಮರೆತು ದಪ್ಪಗೆ ಬರೆದದ್ದಿಲ್ಲ. ಕಪ್ಪಗಿರುವವಳು ತಿಳಿಯಾಗುತ್ತಾಳೆ, ನಲವತ್ತರವಳು ಇಪ್ಪತ್ತಕ್ಕಿಳಿಯುತ್ತಾಳೆ. ಕುಂಟುವ ನಾಯಕ ಕಾಲು ಅಗಲಿಸಿ ಗಟ್ಟಿಯಾಗಿ ನಿಂತಿರುತ್ತಾನೆ, ಸುಟ್ಟ ಗಾಯದ ಕೆನ್ನೆ ಅನುಕೂಲವಾಗಿ ಆಚೆಗೆ ತಿರುಗಿರುತ್ತದೆ. ಕನ್ನಡಕವಂತೂ ಕಡ್ಡಾಯವಾಗಿ ಮಾಯ. ಮುನ್ನೂರು ಪುಟ ಅದನ್ನು ಮೂಗಿನ ಮೇಲೆ ಏರಿಸಿಕೊಳ್ಳುತ್ತಲೇ ಇದ್ದ ಹುಡುಗಿ, ಅದಿಲ್ಲದೆ ಬಾಗಿಲು ಯಾವುದು ಕಿಟಕಿ ಯಾವುದು ಎಂದು ತಿಳಿಯದವಳು, ಮುಖಪುಟದಲ್ಲಿ ಬರಿಗಣ್ಣಿನಿಂದ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಾಳೆ. ಅವಳಿಗೆ ಕಾಣುತ್ತಿರುವುದು ಮಸುಕು ಮಸುಕಾದೊಂದು ಗಲ್ಲ ಇರಬೇಕು, ಅಷ್ಟೆ. ಲೇಖಕಿ ಆ ಹುಡುಗಿಯನ್ನು ಇದ್ದ ಹಾಗೇ ಪ್ರೀತಿಸಿದ ಗಂಡಸೊಬ್ಬನ ಕತೆ ಬರೆದಿದ್ದಾಳೆ. ಇದ್ದ ಹಾಗೆ ಇದ್ದರೆ ಯಾರೂ ಪ್ರೀತಿಸುವುದಿಲ್ಲ ಎಂದು ಮುಖಪುಟ ಅದೇ ಪುಸ್ತಕದ ಮೇಲೆ ಕೂತು ಹೇಳುತ್ತಿದೆ. ನನ್ನ ನಗು ನಿಲ್ಲುವುದು ಇಲ್ಲಿ.

ನಿಂತ ನಗುವಿಗೆ ಒಂದು ದಾಖಲೆಯೂ ಇದೆ. ಅದು ಪ್ರಣಯ ಕಾದಂಬರಿಯಲ್ಲ, ಹದಿಹರೆಯದವರಿಗೆ ಬರೆದದ್ದು. ಆದರೂ ರೋಗ ಒಂದೇ. 2009ರಲ್ಲಿ ಆಸ್ಟ್ರೇಲಿಯದ ಲೇಖಕಿ ಜಸ್ಟೀನ್ ಲಾರ್ಬಲೆಸ್ಟಿಯರ್ ಅವರ ‘ಲಯರ್’ (ಸುಳ್ಳಿ) ಕಾದಂಬರಿಯ ಅಮೆರಿಕದ ಆವೃತ್ತಿಗೆ ಬ್ಲೂಮ್ಸ್‌ಬರಿ ಪ್ರಕಾಶನ ಸಿದ್ಧಪಡಿಸಿದ ಮುಖಪುಟದಲ್ಲಿ ಉದ್ದ ಕೂದಲಿನ ಬಿಳಿಯ ಹುಡುಗಿಯಿದ್ದಳು. ಕತೆಯ ಹುಡುಗಿ ಗಿಡ್ಡ ಕೂದಲಿನ, ಕಪ್ಪು ಮೈಬಣ್ಣದವಳು. ಕೇಳಿದ್ದಕ್ಕೆ ಪ್ರಕಾಶಕರ ಕಡೆಯಿಂದ ಬಂದ ಸಮಜಾಯಿಷಿ: ಕತೆ ಹೇಳುವವಳು ಸುಳ್ಳು ಹೇಳುವ ಸ್ವಭಾವದವಳು, ಮುಖಪುಟ ಅದನ್ನು ಸಾಂಕೇತಿಕವಾಗಿ ತೋರಿಸುತ್ತದೆ. ಜಾಣತನಕ್ಕೆ ಕೊರತೆಯಿಲ್ಲ. ಲೇಖಕಿ ಬಹಿರಂಗವಾಗಿಯೇ ಆಕ್ಷೇಪಿಸಿದರು, ಓದುಗರು ಗಲಾಟೆ ಎಬ್ಬಿಸಿದರು, ಪುಸ್ತಕ ಬಿಡುಗಡೆಯಾಗುವ ಮೊದಲೇ ಚಿತ್ರ ಬದಲಾಯಿತು. ಕಪ್ಪು ಮುಖ ಹಾಕಿದರೆ ಮಾರಾಟವಾಗುವುದಿಲ್ಲ ಎಂಬುದು ಆ ವ್ಯಾಪಾರದ ಹಳೆಯ ಮಂತ್ರ. ಹಾಕದೆಯೇ ಅದು ಹೇಗೆ ಗೊತ್ತಾಯಿತು ಎಂದು ಮಂತ್ರ ಹೇಳುವವರನ್ನು ಕೇಳಬಾರದು.

ಮನಸ್ಸು ಹಗುರವಾಗಲು ಕೆಂಪು ಕೂದಲಿನ ಆನ್ ಕತೆ. ಎಲ್. ಎಂ. ಮಾಂಟ್‌ಗೊಮೆರಿ 1908ರಲ್ಲಿ ಪ್ರಕಟಿಸಿದ ‘ಆನ್ ಆಫ್ ಗ್ರೀನ್ ಗೇಬಲ್ಸ್’ನ ಹುಡುಗಿಗೆ ಮೊದಲಲ್ಲಿ ಹನ್ನೊಂದು ವರ್ಷ, ಬಡಕಲು ಮೈ, ಮುಖದ ತುಂಬ ಚುಕ್ಕೆ, ಕ್ಯಾರೆಟ್ ಬಣ್ಣದ ಜಡೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕವಾದ್ದರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. 2013ರಲ್ಲಿ ಸುದ್ದಿಯಾದ ಇಂಥದೊಂದು ಆವೃತ್ತಿಯ ಮೇಲೆ ಇದ್ದದ್ದು ತುಂಬು ಪ್ರಾಯದ, ಹೊಂಗೂದಲಿನ, ಬಾ ಎನ್ನುವ ನೋಟದ ಯುವತಿ. ಓದಿ ಬೆಳೆದವರೆಲ್ಲ ಕೆಂಡವಾದರು. ಆನ್ ತಾನೇ ನೋಡಿದ್ದರೆ ಏನನ್ನುತ್ತಿದ್ದಳೋ! ಆ ಕೆಂಪು ಕೂದಲನ್ನು ಅವಳಷ್ಟು ದ್ವೇಷಿಸಿದವರು ಬೇರೆ ಯಾರೂ ಇಲ್ಲ. ಕಪ್ಪಾಗಲಿ ಎಂದು ಬಣ್ಣ ಹಚ್ಚಿಕೊಂಡು ಹಸಿರು ಮಾಡಿಕೊಂಡವಳು ಅವಳು. ಮುಖಪುಟದವರ ತಪ್ಪಿನಿಂದ ಪಾತ್ರಕ್ಕೆ ಉಪಕಾರವಾದದ್ದು ಇದೊಂದೇ ಇರಬೇಕು. ಅದೂ ಕೇಳಿದ ಬಣ್ಣವಲ್ಲ.

ಈ ಜಗಳಗಳಿಂದ ತಪ್ಪಿಸಿಕೊಳ್ಳಲು ಮುಖಪುಟದವರೂ ದಾರಿ ಹುಡುಕಿದ್ದಾರೆ. ಮೊದಲು ತಲೆ ಕತ್ತರಿಸಿದರು: ಗಲ್ಲದಿಂದ ಸೊಂಟದವರೆಗಿನ ಮನುಷ್ಯ, ಮುಖವನ್ನು ಓದುಗರೇ ಕೂರಿಸಿಕೊಳ್ಳಬಹುದು. ಆದರೆ ಫೋಟೊ ಬರುವುದು ಎಲ್ಲರಿಗೂ ಮಾರುವ ಸ್ಟಾಕ್ ಸಂಗ್ರಹದಿಂದ. ಹಾಗಾಗಿ ಒಂದೇ ಹೊಟ್ಟೆ ಒಬ್ಬಳ ಕತೆಯಲ್ಲಿ ಕೋಟ್ಯಧಿಪತಿ, ಮತ್ತೊಬ್ಬಳ ಕತೆಯಲ್ಲಿ ತೋಳಮಾನವ. ನಂತರ ವಸ್ತುಗಳು ಬಂದವು, ಸೇಬು, ಟೈ, ಮುಖವಾಡ. ವಸ್ತುವಿಗೆ ಕಣ್ಣಿನ ಬಣ್ಣವಿಲ್ಲ. ಈಚೆಗೆ ಕಾರ್ಟೂನು. ಗಾಢ ಬಣ್ಣದ ಹಿನ್ನೆಲೆ, ಕಣ್ಣು ಮೂಗು ಇದ್ದೂ ಇಲ್ಲದಂತಿರುವ ಚಪ್ಪಟೆ ಹುಡುಗ ಹುಡುಗಿ. ಇದರಿಂದ ಒಂದು ಒಳ್ಳೆಯದಾಗಿದೆ, ಒಪ್ಪಲೇಬೇಕು: ದಪ್ಪಗಿರುವವಳು ದಪ್ಪಗೇ, ಕಪ್ಪಗಿರುವವಳು ಕಪ್ಪಗೇ ಕಾಣತೊಡಗಿದ್ದಾಳೆ. ಸ್ಟಾಕ್ ಸಂಗ್ರಹದಲ್ಲಿ ಸಿಗದವರನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಬಹುದಲ್ಲ. ಆದರೆ ಹೊಂದಾಣಿಕೆ ಇನ್ನೊಂದು ಕಡೆ ತಪ್ಪಿತು. ಮೊದಲು ಮುಖಪುಟದಲ್ಲಿ ಬೆಂಕಿ ಹತ್ತಿ ಉರಿಯುತ್ತಿತ್ತು, ಒಳಗೆ ನಾಯಕ ನಾಯಕಿ ಇನ್ನೂರು ಪುಟವಾದರೂ ಕೈ ಹಿಡಿದಿರುತ್ತಿರಲಿಲ್ಲ. ಈಗ ಮುಖಪುಟ ಮಕ್ಕಳ ಚಿತ್ರಪುಸ್ತಕದಂತಿದೆ, ಒಳಗಿನ ಮೂರನೆಯ ಅಧ್ಯಾಯವನ್ನು ನಾಲ್ಕು ಜನರ ನಡುವೆ ಕೂತು ಓದುವಂತಿಲ್ಲ.

ನಾನು ಈಗೀಗ ಹೆಚ್ಚಾಗಿ ಓದುವುದು ಇ-ಬುಕ್ ರೀಡರಿನಲ್ಲಿ. ಅದು ಮುಖಪುಟವನ್ನು ದಾಟಿಸಿ ಸೀದಾ ಮೊದಲ ಅಧ್ಯಾಯಕ್ಕೇ ಕರೆದೊಯ್ಯುತ್ತದೆ. ಒಳ್ಳೆಯದೇ ಆಯಿತು, ಜಗಳ ಮುಗಿಯಿತು ಎಂದುಕೊಳ್ಳಬೇಕಾದವನು ನಾನು ಬೆರಳಾಡಿಸಿ ಹಿಂದೆ ಹಿಂದೆ ಹೋಗಿ, ಅದನ್ನು ಹುಡುಕಿ ತೆಗೆದು ನೋಡುತ್ತೇನೆ. ನನ್ನದು ಬಣ್ಣವಿಲ್ಲದ ಪರದೆ. ಕೆಂಚು, ಕಂದು, ಹೊನ್ನು ಎಂಬ ತಕರಾರೇ ಅಲ್ಲಿ ಏಳುವುದಿಲ್ಲ, ಎಲ್ಲರ ಕೂದಲೂ ಬೂದಿ, ಎಲ್ಲರ ಕಣ್ಣೂ ಬೂದಿ. ಲೇಖಕಿಯೂ ಸರಿ, ಕಲಾವಿದನೂ ಸರಿ. ಕನ್ನಡಕಕ್ಕೆ ಮಾತ್ರ ಈ ನೆಪ ಒದಗುವುದಿಲ್ಲ. ಅದು ಕಪ್ಪು ಬಿಳುಪಿನಲ್ಲೂ ಕಾಣಬೇಕಾದ ವಸ್ತು. ಎಷ್ಟು ದೊಡ್ಡದು ಮಾಡಿ ನೋಡಿದರೂ ಮೂಗಿನ ಮೇಲೆ ಅದಿಲ್ಲ.