ಮಕ್ಕಳ ಪ್ರಶ್ನೆಗೆ ಉತ್ತರ ಕೊಡುವವರು ಯಾರು?

ಜರ್ಮನಿಯಲ್ಲಿ ಚುನಾವಣೆ ಹತ್ತಿರ ಬಂತೆಂದರೆ ಹೈಸ್ಕೂಲು ಮಕ್ಕಳೂ ಓಟು ಹಾಕುತ್ತಾರೆ. ಯೂನಿಯರ್‌ವಾಲ್ ಅಂತ ಇದರ ಹೆಸರು, 1999ರಲ್ಲಿ ಬರ್ಲಿನ್‌ನಲ್ಲಿ ಶುರುವಾಗಿದ್ದು. ಆ ಓಟು ಲೆಕ್ಕಕ್ಕೆ ಬರುವುದಿಲ್ಲ, ಆದರೆ ಉಳಿದದ್ದೆಲ್ಲ ಅಸಲಿ ಚುನಾವಣೆಯ ಹಾಗೇ. ಮತದಾರರ ಪಟ್ಟಿ ಮಾಡುವವರು ಮಕ್ಕಳೇ, ಮತಗಟ್ಟೆ ನಡೆಸುವವರೂ ಅವರೇ. ನನ್ನ ಮಗಳ ಶಾಲೆಯಲ್ಲಿ ರಟ್ಟಿನ ಮರೆ ಕಟ್ಟಿದ್ದರು. ಇಬ್ಬರು ಹುಡುಗರು ನಗಾಡುತ್ತಾ ಒಟ್ಟಿಗೆ ಒಳಗೆ ಹೋಗಲು ನೋಡಿದರು, ಪಟ್ಟಿ ಹಿಡಿದು ಕೂತಿದ್ದ ಹುಡುಗಿ ಒಬ್ಬನನ್ನು ಹೊರಗೇ ನಿಲ್ಲಿಸಿದಳು. ಚೀಟಿಯಲ್ಲಿ ಇದ್ದದ್ದು ನಿಜವಾದ ಪಕ್ಷಗಳ ಹೆಸರು. ಫಲಿತಾಂಶ ಗೊತ್ತಾಗುವುದು ಚುನಾವಣೆಯ ಭಾನುವಾರ ಸಂಜೆ 6 ಗಂಟೆಗೆ, ದೊಡ್ಡವರ ಮತದಾನ ಮುಗಿದ ಮೇಲೆ.

ನಮ್ಮಲ್ಲಿ ಶಾಲೆಯೊಳಗೆ ಪಕ್ಷಗಳ ಹೆಸರೆತ್ತಿದರೆ ಮೇಷ್ಟರಿಗೇ ತಲೆನೋವು ಶುರು, ಅಲ್ವಾ? ಜರ್ಮನಿಯಲ್ಲಿ ಹಾಗಾಗದೇ ಇರುವುದಕ್ಕೆ ಒಂದು ಕಾರಣ ಇದೆ. 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಬೇರೆ ಬೇರೆ ನಿಲುವಿನ ಶಿಕ್ಷಣ ತಜ್ಞರು ಕೂತು ಮಾತಾಡಿದರು. ಅಲ್ಲಿ ಹುಟ್ಟಿದ ಮೂರು ನಿಯಮಗಳನ್ನು ಇವತ್ತಿಗೂ ಶಿಕ್ಷಕರು ಹಿಡಿದು ನಡೆಯುತ್ತಾರೆ. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ಮಕ್ಕಳ ಮೇಲೆ ಹೇರಬಾರದು. ಹೊರಗೆ ಯಾವ ವಿಷಯಕ್ಕೆ ಜಗಳ ಇದೆಯೋ, ತರಗತಿಯೊಳಗೂ ಅದನ್ನು ಜಗಳವಿರುವ ವಿಷಯವಾಗಿಯೇ ತೋರಿಸಬೇಕು. ಇದರಲ್ಲಿ ತನ್ನ ಲಾಭ ನಷ್ಟ ಏನು ಅಂತ ಹುಡುಗ ತಾನೇ ಯೋಚಿಸುವಂತಾಗಬೇಕು. ನಾಜಿ ಕಾಲದಲ್ಲಿ ಶಾಲೆಗಳನ್ನೇ ಪ್ರಚಾರಕ್ಕೆ ಬಳಸಿದ್ದನ್ನು ಕಂಡ ದೇಶ ಇದು, ಹಾಗಾಗಿ ಮೊದಲ ನಿಯಮವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಎರಡನೆಯದು. ಹದಿನೈದು ವರ್ಷದ ಮಕ್ಕಳ ಎದುರು ಸಂಬಳ, ತೆರಿಗೆ, ವಲಸೆ ಎಲ್ಲದರ ವಾದವೂ ಬರುತ್ತದೆ, ಎರಡೂ ಕಡೆಯದು.

ನಮ್ಮ ಪುಸ್ತಕಗಳಲ್ಲಿ ವಿಷಯಕ್ಕೇನೂ ಬರ ಇಲ್ಲ. ಲೋಕಸಭೆ, ರಾಜ್ಯಸಭೆ, ಮೂಲಭೂತ ಹಕ್ಕುಗಳು, ಪಂಚಾಯಿತಿಗಳ ಬಗ್ಗೆ ಇರುವ ಸಂವಿಧಾನದ 73ನೇ ತಿದ್ದುಪಡಿ, ಎಲ್ಲ ಇದೆ. ಶಾಲಾ ಸಂಸತ್ತೂ ಇದೆ. ನೀರಿನ ಮಂತ್ರಿ, ಸ್ವಚ್ಛತಾ ಮಂತ್ರಿ ಆಯ್ಕೆಯಾಗುತ್ತಾರೆ, ಪ್ರಮಾಣವಚನ ಆಗುತ್ತದೆ, ಫೋಟೋ ತೆಗೆಯುತ್ತಾರೆ. ಆಮೇಲೆ? ನಲ್ಲಿಯಲ್ಲಿ ನೀರು ಬರದಿದ್ದರೆ ಆ ನೀರಿನ ಮಂತ್ರಿಯನ್ನು ಯಾರೂ ಕೇಳುವುದಿಲ್ಲ, ಅವನಿಗೂ ಯಾರನ್ನು ಕೇಳಬೇಕು ಅಂತ ಗೊತ್ತಿರುವುದಿಲ್ಲ. ಬಿಸಿಯೂಟದ ಖರ್ಚನ್ನು ಕೇಂದ್ರ, ರಾಜ್ಯ ಎರಡೂ ಹಂಚಿಕೊಳ್ಳುತ್ತವೆ, ಊರಿನ ಚರಂಡಿ ಗ್ರಾಮ ಪಂಚಾಯಿತಿಯದ್ದು, ಶಿಕ್ಷಕರ ನೇಮಕ ರಾಜ್ಯ ಸರ್ಕಾರದ್ದು. ಇಷ್ಟು ಗೊತ್ತಿಲ್ಲದ ಹುಡುಗ 18 ತುಂಬಿದ ಮೇಲೆ ಚರಂಡಿಯ ಸಿಟ್ಟಿಗೆ ಸಂಸದನನ್ನು ಬೈಯುತ್ತಾನೆ, ಪಂಚಾಯಿತಿ ಸದಸ್ಯರು ಆರಾಮಾಗಿ ಇರುತ್ತಾರೆ.

ಆದರೆ ಒಂದು ವಿಷಯದಲ್ಲಿ ಕರ್ನಾಟಕದ ಕೈಯಲ್ಲಿ ಜರ್ಮನಿಗಿಂತ ಒಳ್ಳೆಯ ಸಾಧನ ಇದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಅದು ಮಕ್ಕಳ ಗ್ರಾಮಸಭೆ. ಕುಂದಾಪುರ ತಾಲೂಕಿನಲ್ಲಿ 1990ರ ದಶಕದಲ್ಲೇ ದುಡಿಯುವ ಮಕ್ಕಳು ಭೀಮ ಸಂಘ, ಮಕ್ಕಳ ಪಂಚಾಯತಿ ಅಂತ ಸೇರಿ, ಊರಿನ ತೊಂದರೆಗಳನ್ನು ತಾವೇ ಹುಡುಕಿ ದೊಡ್ಡವರ ಮುಂದಿಟ್ಟಿದ್ದರು. ಈಗ ರಾಜ್ಯದ ಗ್ರಾಮ ಪಂಚಾಯಿತಿಗಳು ಮಕ್ಕಳಿಗೆಂದೇ ಸಭೆ ನಡೆಸಬೇಕು. ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಇಲಾಖೆಗಳವರು ಎದುರಿಗೆ ಕೂತಿರುತ್ತಾರೆ. ಯೂನಿಯರ್‌ವಾಲ್ ಎಷ್ಟೇ ಚೆನ್ನಾಗಿದ್ದರೂ ಮಾರನೇ ದಿನ ಅಲ್ಲಿ ಮಕ್ಕಳಿಗೆ ಉತ್ತರ ಕೊಡಬೇಕಾದವರು ಯಾರೂ ಇರುವುದಿಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯೊಬ್ಬಳು ಎದ್ದು "ನಮ್ಮ ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲ" ಅಂದರೆ, ಅದನ್ನು ಹಾಕಿಸಲು ಹಣ, ಅಧಿಕಾರ ಇರುವವರೇ ಕೇಳಿಸಿಕೊಳ್ಳಬೇಕು. ಸರ್ಕಾರದ ಜವಾಬ್ದಾರಿ ಅನ್ನೋದನ್ನು ಇದಕ್ಕಿಂತ ಹತ್ತಿರದಿಂದ ತೋರಿಸುವ ಪಾಠ ನನಗೆ ಗೊತ್ತಿಲ್ಲ.

ಹೀಗಿದ್ದೂ ಎಷ್ಟೋ ಕಡೆ ಅದು ಮಕ್ಕಳ ದಿನಾಚರಣೆಯ ಭಾಷಣ, ಹಾಡಿನಲ್ಲೇ ಮುಗಿದುಹೋಗುತ್ತದೆ. ಮಕ್ಕಳ ಕೈಯಲ್ಲಿ ಮೇಷ್ಟ್ರು ಬರೆದುಕೊಟ್ಟ ಪ್ರಶ್ನೆ, ದೊಡ್ಡವರ ಬಾಯಲ್ಲಿ "ನೋಡೋಣ ಮಕ್ಕಳೇ". ಸಿಟಿ ಮಕ್ಕಳಿಗಂತೂ ಇಂಥ ಸಭೆ ಸಿಗುವುದೇ ಅಪರೂಪ, ವಾರ್ಡ್ ಮಟ್ಟದಲ್ಲೂ ಇದು ಆಗಬೇಕು. ದುಡ್ಡು ಖರ್ಚಿಲ್ಲದ ಒಂದು ಬದಲಾವಣೆಯನ್ನು ಮಾತ್ರ ಈ ವರ್ಷವೇ ಮಾಡಬಹುದು. ಸಭೆ ಶುರುವಾದ ಕೂಡಲೇ ಹಾರ ತುರಾಯಿ ಬಿಟ್ಟು, ಹೋದ ವರ್ಷ ಮಕ್ಕಳು ಕೇಳಿದ್ದೇನು, ಆಗಿದ್ದೆಷ್ಟು, ಆಗದ್ದು ಯಾಕೆ ಅಂತ ಪಿಡಿಒ ಓದಿ ಹೇಳಲಿ. ಉತ್ತರ ಸರಿ ಇಲ್ಲ ಅನ್ನಿಸಿದರೆ ಮಕ್ಕಳು ಮತ್ತೆ ಕೇಳಲಿ, ಮೇಷ್ಟ್ರು ತಡೆಯದಿರಲಿ.