ಬಣ್ಣ ಬಳಿದರೆ ಗೇಟು ತಿರುಗುತ್ತಾ ಸ್ವಾಮಿ?

ಮೊನ್ನೆ ನಮ್ಮ ಏರಿಯಾ ಕೆರೆಯ ನೀರು ಬಿಡುವ ಗೇಟಿಗೆ ನೀಲಿ ಬಣ್ಣ ಬಳಿದು ಹೋಗಿದ್ದಾರೆ. ತುಕ್ಕಿನ ಮೇಲೇನೇ. ತಿರುಗಿಸುವ ಚಕ್ರ ಎರಡು ವರ್ಷದಿಂದ ಇಲ್ಲ, ಯಾರೋ ಪುಣ್ಯಾತ್ಮರು ಬಿಚ್ಚಿಕೊಂಡು ಹೋಗಿ ಗುಜರಿಗೆ ಹಾಕಿದ್ದಾರೆ. ಈಗ ಸ್ಕ್ರೂ ಥ್ರೆಡ್ಡಿನ ಸಂದಿಗೂ ಬಣ್ಣ ಇಳಿದು ಗಟ್ಟಿಯಾಗಿದೆ. ಹೊಸ ಚಕ್ರ ತಂದು ಹಾಕಿದರೂ ಅದು ಅಲ್ಲಾಡುವುದಿಲ್ಲ.

ನಮ್ಮ ಮನೆ ಇರುವುದು ಬೆಂಗಳೂರಿನ ದಕ್ಷಿಣಕ್ಕೆ, ಕೆರೆ ಏರಿಯ ಕೆಳಗೆ. ಅಲ್ಲಿ ಯಾಕೆ ಮನೆ ಮಾಡಿದಿರಿ ಅಂತ ಬುದ್ಧಿ ಹೇಳಲು ಬರಬೇಡಿ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡು ಇರುವುದು ಧರ್ಮಾಂಬುಧಿ ಕೆರೆಯಲ್ಲಿ. ಕಂಠೀರವ ಸ್ಟೇಡಿಯಂ ಇರುವುದು ಸಂಪಂಗಿ ಕೆರೆಯಲ್ಲಿ. ಮೊದಲು ಅಲ್ಲಿ ಹೋಗಿ ಕೇಳಿ, ಆಮೇಲೆ ನಮ್ಮ ಮನೆಗೆ ಬನ್ನಿ, ಕಾಫಿ ಕೊಡುತ್ತೇನೆ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಅಮ್ಮ ಎಬ್ಬಿಸಿದರು. "ಬಚ್ಚಲಲ್ಲಿ ಏನೋ ಗುಳುಗುಳು ಅಂತಿದೆ, ನೋಡೋ." ನೀರು ಬಾಗಿಲಿಂದ ಬಂದಿದ್ದರೆ ಮರಳು ಮೂಟೆ ಅಡ್ಡ ಇಡಬಹುದಿತ್ತು. ಬಂದಿದ್ದು ಬಚ್ಚಲ ತೂತಿನಿಂದ. ರಾಜಕಾಲುವೆ ತುಂಬಿ, ಮೋರಿಯ ನೀರು ಬಂದ ದಾರಿಯಲ್ಲೇ ವಾಪಸ್. ಬೆಳಗಾಗುವಷ್ಟರಲ್ಲಿ ಫ್ರಿಜ್ಜು, ಯುಪಿಎಸ್ ಬ್ಯಾಟರಿ, 25 ಕೆಜಿ ಅಕ್ಕಿ, ಎಲ್ಲ ಹೋಯಿತು. ಸಂಪಿಗೂ ಕೊಳಚೆ ನುಗ್ಗಿತ್ತು. ಎರಡು ಸಲ ತೊಳೆಸಿದರೂ ವಾಸನೆ ಹೋಗಲಿಲ್ಲ. ತಿಂಗಳು ಪೂರ್ತಿ ಕುಡಿಯಲು ಕ್ಯಾನ್ ನೀರು.

ಇದಕ್ಕೆ ಬೇಕಿದ್ದದ್ದು ಒಂದು ಕಬ್ಬಿಣದ ಮುಚ್ಚಳ, ಅಷ್ಟೇ. ಮೋರಿ ರಾಜಕಾಲುವೆಗೆ ಸೇರುವ ಬಾಯಲ್ಲಿ ಅದು ನೇತಾಡುತ್ತಿರುತ್ತದೆ. ಮೋರಿ ನೀರು ತಳ್ಳಿದರೆ ತೆರೆಯುತ್ತದೆ, ಕಾಲುವೆ ನೀರು ತಳ್ಳಿದರೆ ಮುಚ್ಚಿಕೊಳ್ಳುತ್ತದೆ. ಕರೆಂಟು ಬೇಡ, ಆಳು ಬೇಡ. ನಮ್ಮ ಮೋರಿಗೂ ಒಂದಿತ್ತು. ಅದರ ಹಿಂಜು ಮುರಿದು ಬಿದ್ದು, ಈಗ ಹೂಳಿನಲ್ಲಿ ಸುಖವಾಗಿ ಮಲಗಿದೆ.

ಆಫೀಸಿಗೆ ಐದು ಸಲ ಹೋದೆ. "ಎಸ್ಟಿಮೇಟ್ ಕಳಿಸಿದ್ದೀವಿ ಸಾರ್, ಫೈಲ್ ಮೇಲೆ ಹೋಗಿದೆ." ಎಷ್ಟು ಮೇಲೆ? ಫೈಲು ಮೇಲೆ, ನೀರು ಕೆಳಗೆ. ಇದೇ ಕೆರೆಗೆ ವಾಕಿಂಗ್ ಪಾತ್ ಬಂತು, ಬಣ್ಣದ ಲೈಟ್ ಬಂತು, ಕುಕ್ಕರಬಡಿದ ಮೇಲೆ ಏಳಲಾಗದಂಥ ಗ್ರಾನೈಟ್ ಬೆಂಚು ಬಂತು. ಅದಕ್ಕೆಲ್ಲ ಫೈಲು ಓಡುತ್ತದೆ. ಗೇಟಿಗೆ ರಿಬ್ಬನ್ ಕಟ್ಟಿ ಕತ್ತರಿಸೋಕೆ ಆಗಲ್ಲ, ಅಲ್ವಾ?

ನಮ್ಮ ತಾತನ ಊರು ಕೋಲಾರದ ಕಡೆ. ಅಲ್ಲಿ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎಷ್ಟು ತೆಗೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಎಲ್ಲ ಅವನ ಕೈಯಲ್ಲಿ. ಸುಗ್ಗಿಯಲ್ಲಿ ಊರವರು ಅವನಿಗೆ ಕಾಳು ಅಳೆದು ಕೊಡುತ್ತಿದ್ದರು. ಬೆಂಗಳೂರಿನಲ್ಲಿ ಗದ್ದೆ ಹೋಯಿತು, ತೂಬು ಮುಚ್ಚಿತು, ನೀರುಗಂಟಿಯೂ ಹೋದ. ಉಳಿದದ್ದು ಕೋಡಿ ಒಂದೇ. ಕೆರೆ ತುಂಬುವ ತನಕ ಕೋಡಿಯಿಂದ ಒಂದು ಹನಿ ಆಚೆ ಹೋಗುವುದಿಲ್ಲ. ಆಮೇಲೆ ಹೋಗುವುದು ಒಂದೇ ಏಟಿಗೆ. ಕೋಡಿಗೆ ಸರಿಯಾದ ಗೇಟಿದ್ದರೆ ಮಳೆಗಾಲಕ್ಕೆ ಮುಂಚೆಯೇ ನಾಲ್ಕಡಿ ನೀರು ಇಳಿಸಿ, ಬರುವ ಮಳೆಗೆ ಕೆರೆಯಲ್ಲಿ ಜಾಗ ಮಾಡಿಡಬಹುದು. ಇಲ್ಲಿ ಜೂನ್‌ನಲ್ಲೇ ಕೆರೆ ತುಳುಕುತ್ತಿದೆ, ಜನ ಅದರ ಮುಂದೆ ಸೆಲ್ಫಿ ತೆಗೆಯುತ್ತಿದ್ದಾರೆ.

2019ರ ನವೆಂಬರಿನಲ್ಲಿ ಹುಳಿಮಾವು ಕೆರೆ ಏರಿ ಒಡೆದು ನೂರಾರು ಮನೆಗೆ ನೀರು ನುಗ್ಗಿತು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆ ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ, ಗೇಟೇ ಕೊಚ್ಚಿಕೊಂಡು ಹೋಯಿತು. ಆಗ ಒಂದು ವಾರ ಇಡೀ ರಾಜ್ಯಕ್ಕೆ ಗೇಟು, ಚೈನು, ಗೇಟಿನ ಬದಲು ತಾತ್ಕಾಲಿಕವಾಗಿ ಇಳಿಸುವ ಸ್ಟಾಪ್‌ಲಾಗ್ ಎಲ್ಲ ಬಾಯಿಪಾಠ. ಟಿವಿಯವರು ಅಲ್ಲೇ ಬಿಡಾರ ಹೂಡಿದ್ದರು. ನಮ್ಮ ಮೋರಿಯ ಮುಚ್ಚಳಕ್ಕೆ ಯಾವ ಟಿವಿ ಬರುತ್ತದೆ?

ಬಣ್ಣ ಬಳಿಯುತ್ತಿದ್ದ ಹುಡುಗನನ್ನೇ ಕೇಳಿದೆ, "ಏನಪ್ಪಾ, ಇದು ತಿರುಗುತ್ತಾ?" ಪಾಪ, ಅವನು ಬ್ರಷ್ ಕೆಳಗಿಟ್ಟು ಎರಡೂ ಕೈ ಹಾಕಿ ಎಳೆದು ನೋಡಿದ. "ಇಲ್ಲ ಸಾರ್. ನಾಳೆ ಸಾಹೇಬ್ರು ನೋಡೋಕೆ ಬರ್ತಾರಂತೆ, ಅದಕ್ಕೆ."

ಸಾಹೇಬರು ಬಂದರು. ಕಾರಿಂದ ಇಳಿಯಲಿಲ್ಲ. ನಾನು ಹೊಸ ಫ್ರಿಜ್ಜಿನ ಕೆಳಗೆ ಮೂರನೇ ವರಸೆ ಇಟ್ಟಿಗೆ ಇಟ್ಟಿದ್ದೇನೆ. ಈಗ ಅದರ ಮೇಲಿನ ಬಾಗಿಲು ಅಮ್ಮನ ಕೈಗೆ ಎಟಕುತ್ತಿಲ್ಲ.